ಬೇಕಾದ್ದು ಒಂದೇ ರೆಪೊ

ಅಂಬಲಪಾಡಿಯಲ್ಲಿ ಮನೆಯಿಂದ ಕೆಲಸ ಮಾಡುವವನಿಗೆ ಜೂನ್ ಎಂದರೆ ಮೊಬೈಲ್ ಹಾಟ್‌ಸ್ಪಾಟಿನ ತಿಂಗಳು. ಗಾಳಿಗೆ ತೆಂಗಿನ ಮಡಲು ಬಿದ್ದು ಫೈಬರ್ ಕೇಬಲ್ ತುಂಡಾಯಿತೆಂದರೆ ಸರಿಮಾಡುವವರು ಬರುವುದು ಮಳೆ ಬಿಟ್ಟ ಮೇಲೆ. ಸಿಡಿಲಿಗೆ ಹೆದರಿ ರೂಟರಿನ ಪ್ಲಗ್ಗನ್ನು ನಾವೇ ಕಿತ್ತಿಡುವ ಸಂಜೆಗಳೂ ಇವೆ. ಆಫೀಸಿನವರು ತಮ್ಮ ರೆಪೊಗೆ, ಅಂದರೆ ಪ್ಯಾಕೇಜುಗಳ ಭಂಡಾರಕ್ಕೆ, ಹೊಸ ಪ್ಯಾಕೇಜು ಹಾಕಿ "ಈಗಲೇ ಇನ್‌ಸ್ಟಾಲ್ ಮಾಡಿ ನೋಡಿ" ಎನ್ನುವುದು ಇಂಥ ಹೊತ್ತಿನಲ್ಲೇ.

ನನ್ನ ಲ್ಯಾಪ್‌ಟಾಪಿನಲ್ಲಿರುವುದು ಉಬುಂಟು 24.04. ಅದರದ್ದೇ ರೆಪೊಗಳ ಜೊತೆಗೆ ಡೇಟಾಬೇಸಿಗೊಂದು, ಬ್ರೌಸರಿಗೊಂದು, ಕಂಟೇನರಿಗೊಂದು, ಆಫೀಸಿನದ್ದೊಂದು. ಅಪ್‌ಡೇಟ್ ಹೊಡೆದರೆ ಉಬುಂಟುವಿನ ಪ್ಯಾಕೇಜು ಸಾಧನವಾದ ಆಪ್ಟ್, ಮದುವೆ ಕಾಗದ ಹಂಚುವವರ ಹಾಗೆ ಒಂದು ಮನೆಯನ್ನೂ ಬಿಡುವುದಿಲ್ಲ.

ಇದರಲ್ಲಿ ಡೇಟಾ ಖರ್ಚೇ ದೊಡ್ಡದು ಎಂದು ನಾನೂ ಅಂದುಕೊಂಡಿದ್ದೆ. ಪರದೆಯನ್ನು ಗಮನವಿಟ್ಟು ನೋಡಿದಾಗ ಲೆಕ್ಕ ಬೇರೆಯೇ ಇತ್ತು. ಆಪ್ಟ್ ಪ್ರತಿ ರೆಪೊದಿಂದ ಮೊದಲು ತರುವುದು ಇನ್‌ರಿಲೀಸ್ ಎಂಬ ಸಹಿ ಹಾಕಿದ ಸಣ್ಣ ಕಡತ. ಅದು ಬದಲಾಗಿರದಿದ್ದರೆ "ಹಿಟ್" ಎಂದು ತೋರಿಸಿ ಮುಂದೆ ಹೋಗುತ್ತದೆ; ಬದಲಾಗಿದ್ದರೆ ಮಾತ್ರ ಪ್ಯಾಕೇಜುಗಳ ಪಟ್ಟಿ ತರುತ್ತದೆ. 24.04ರ ಯೂನಿವರ್ಸ್ ವಿಭಾಗದ ಪಟ್ಟಿ ಸುಮಾರು 15 ಎಂಬಿ. ಆದರೆ ಮೂಲ ಬಿಡುಗಡೆಯ ಪಟ್ಟಿ ಬದಲಾಗುವುದೇ ಇಲ್ಲವಾದ್ದರಿಂದ ಒಮ್ಮೆ ಇಳಿಸಿಕೊಂಡರೆ ಮುಗಿಯಿತು. ಆಗಾಗ ಬದಲಾಗುವುದು ಅಪ್‌ಡೇಟ್ಸ್, ಸೆಕ್ಯೂರಿಟಿ ವಿಭಾಗಗಳು. ನಿಜವಾಗಿ ಜೀವ ತಿನ್ನುವುದು ಉತ್ತರ ಕೊಡದ ಸರ್ವರು. ಒಂದು ಕಡ್ಡಿ ಸಿಗ್ನಲ್ಲಿನಲ್ಲಿ, ಯಾವತ್ತೋ ಸೇರಿಸಿ ಮರೆತ ಪಿಪಿಎ (ಹೊರಗಿನವರ ರೆಪೊ) ಒಂದಕ್ಕಾಗಿ ಆಪ್ಟ್ ಕಾಯುತ್ತಾ ಕೂರುತ್ತದೆ, ನಾವು ಅದಕ್ಕಾಗಿ ಕಾಯುತ್ತಾ ಕೂರುತ್ತೇವೆ.

ಒಂದೇ ರೆಪೊ ಕೇಳುವುದಕ್ಕೆ ಆಪ್ಟ್-ಗೆಟ್ಟಿನಲ್ಲಿ ನೇರ ಆಜ್ಞೆ ಇಲ್ಲ. ಓಪನ್‌ಸೂಸೆಯಲ್ಲಿ ಜಿಪ್ಪರ್ ರಿಫ್ರೆಶ್ ಎಂದು ಬರೆದು ಮುಂದೆ ರೆಪೊದ ಹೆಸರು ಕೊಟ್ಟರಾಯಿತು. ಫೆಡೋರಾದಲ್ಲಿ ಎಲ್ಲ ರೆಪೊ ಮುಚ್ಚಿ ಒಂದನ್ನು ಮಾತ್ರ ತೆರೆದು ಮೇಕ್‌ಕ್ಯಾಶ್ ಎನ್ನಬಹುದು. ನಮ್ಮಲ್ಲಿ ಮೂರು ಮಾತು ಬೇರೆ ಬೇರೆಯಾಗಿ ಹೇಳಬೇಕು. ಸೋರ್ಸ್‌ಲಿಸ್ಟ್ ಎಂದರೆ ಆಫೀಸಿನ ರೆಪೊದ ವಿಳಾಸವಿರುವ ಕಡತ ಮಾತ್ರ. ಸೋರ್ಸ್‌ಪಾರ್ಟ್ಸ್ ಜಾಗದಲ್ಲಿ ಬರೀ ಒಂದು ಅಡ್ಡಗೆರೆ, ಅಂದರೆ ಉಳಿದ ಕಡತಗಳಿರುವ ಫೋಲ್ಡರಿನ ಕಡೆ ನೋಡಬೇಡ. ಮೂರನೆಯದು ಲಿಸ್ಟ್-ಕ್ಲೀನಪ್, ಅದಕ್ಕೆ ಸೊನ್ನೆ.

ಬಹಳ ಜನ ಬಿಟ್ಟುಬಿಡುವುದು ಈ ಮೂರನೆಯದನ್ನು. ಮಣಿಪಾಲದಲ್ಲಿ ಓದುವ ಪರಿಚಯದ ಹುಡುಗನೊಬ್ಬ ರಾತ್ರಿ ಫೋನ್ ಮಾಡಿದ: "ಅಣ್ಣಾ, ಇದೆಂತ ಆಯ್ತು? ಯಾವ ಪ್ಯಾಕೇಜು ಹುಡುಕಿದ್ರೂ ಇಲ್ಲ ಅಂತದೆ." ಮೊದಲೆರಡನ್ನು ಕೊಟ್ಟು ಅಪ್‌ಡೇಟ್ ಹೊಡೆದಿದ್ದ. ತನ್ನ ಕಣ್ಣಿಗೆ ಈಗ ಕಾಣದ ರೆಪೊಗಳ ಪಟ್ಟಿಗಳನ್ನು ಕಸವೆಂದು ತಿಳಿದು ಆಪ್ಟ್ ಗುಡಿಸಿಹಾಕಿತ್ತು. ಇನ್‌ಸ್ಟಾಲ್ ಆದದ್ದಕ್ಕೆ ಏನೂ ಆಗಿರಲಿಲ್ಲ, ಪಟ್ಟಿ ಮಾತ್ರ ಹೋಗಿತ್ತು. ಆದರೆ ಪೂರ್ತಿ ಅಪ್‌ಡೇಟ್ ಮಾಡದೆ ಅದು ಮರಳುವುದಿಲ್ಲ. ಯಾವುದನ್ನು ಉಳಿಸಲು ಹೊರಟಿದ್ದನೋ ಆ ಎಂಬಿಗಳೆಲ್ಲ ಖರ್ಚಾದವು.

ಇನ್ನೊಂದು, ಈ ಮಾತುಗಳು ಅಪ್‌ಡೇಟಿಗೆ ಮಾತ್ರ. ಅದೇ ಸಾಲನ್ನು ಇನ್‌ಸ್ಟಾಲಿಗೂ ಅಂಟಿಸಿದರೆ ಆಪ್ಟ್‌ಗೆ ಉಬುಂಟುವಿನ ರೆಪೊಗಳೇ ಕಾಣಿಸುವುದಿಲ್ಲ. ಆಫೀಸಿನ ಪ್ಯಾಕೇಜು ಬೇಡುವ ಲೈಬ್ರರಿ ಸಿಗಲಿಲ್ಲವೆಂದು ಅದು ತಕರಾರು ತೆಗೆಯುತ್ತದೆ, ಪ್ಯಾಕೇಜು ಮಾಡಿದವರಿಗೆ ಸುಮ್ಮನೆ ಬೈಗುಳ.

24.04ರಲ್ಲಿ ಮತ್ತೊಂದು ಬದಲಾವಣೆಯಿದೆ. ಮೊದಲೆಲ್ಲ ಉಬುಂಟುವಿನ ಸ್ವಂತ ರೆಪೊಗಳು ಸೋರ್ಸಸ್.ಲಿಸ್ಟ್ ಕಡತದಲ್ಲೇ ಇದ್ದವು. ಹೊರಗಿನವು ಬೇಡವೆಂದರೆ ಸೋರ್ಸ್‌ಪಾರ್ಟ್ಸ್ ಒಂದನ್ನು ಮುಚ್ಚಿದರೆ ಸಾಕಿತ್ತು. ಈಗ ಅವೂ ಫೋಲ್ಡರಿನೊಳಗಿನ ಉಬುಂಟು.ಸೋರ್ಸಸ್ ಎಂಬ ಕಡತಕ್ಕೆ ಹೋಗಿವೆ. ಹಳೆಯ ಕಡತದಲ್ಲಿ ಉಳಿದಿರುವುದು ಹಾಗೆಂದು ತಿಳಿಸುವ ಒಂದು ಟಿಪ್ಪಣಿ. ಹಳೆಯ ಅಭ್ಯಾಸದವರ ಅಪ್‌ಡೇಟ್ ಕಣ್ಣುಮುಚ್ಚಿ ತೆರೆಯುವುದರೊಳಗೆ ಮುಗಿಯುತ್ತದೆ, ಏಕೆಂದರೆ ಅದು ಏನನ್ನೂ ತಂದಿರುವುದಿಲ್ಲ.

ಇಷ್ಟಾದರೂ ಒಂದೇ ರೆಪೊ ಕೇಳುವುದನ್ನು ರೂಢಿ ಮಾಡಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. 2024ರ ಜುಲೈ 1ರಂದು ಓಪನ್‌ಎಸ್‌ಎಸ್‌ಎಚ್‌ನ ರೆಗ್ರೆಶನ್ ಎಂಬ ಭದ್ರತಾ ದೋಷ ಬಯಲಾಯಿತು. ಉಬುಂಟು 24.04ಕ್ಕೂ ಡೆಬಿಯನ್ 12ಕ್ಕೂ ಅದು ತಟ್ಟಿತ್ತು, ತಿದ್ದಿದ ಪ್ಯಾಕೇಜು ಬಂದದ್ದು ಸೆಕ್ಯೂರಿಟಿ ರೆಪೊದಲ್ಲಿ. ನಮ್ಮಲ್ಲಿ ಮಳೆ ಜೋರಿರುವ ಸಮಯ ಅದು. ಆಫೀಸಿನ ರೆಪೊ ಒಂದನ್ನೇ ನೋಡುತ್ತಿದ್ದವನಿಗೆ ಅಂಥದ್ದು ಬಂದಿದೆ ಎಂದೇ ಗೊತ್ತಾಗದು. ಪಟ್ಟಿ ಹಳತಾದರೆ ಇನ್ನೊಂದು ಕಾಟ: ಅದರಲ್ಲಿರುವ ಆವೃತ್ತಿಯನ್ನು ಸರ್ವರಿನಿಂದ ತೆಗೆದಿರುತ್ತಾರೆ, ಇನ್‌ಸ್ಟಾಲ್ 404 ಎಂದು ನಿಲ್ಲುತ್ತದೆ.

ಅದಕ್ಕೇ ಮೂರೂ ಮಾತನ್ನು ಒಂದು ಪುಟ್ಟ ಸ್ಕ್ರಿಪ್ಟಿನಲ್ಲಿ ಬರೆದಿಟ್ಟು, ಮೇಲೆ ಒಂದು ಕಾವಲು ಹಾಕಿದ್ದೇನೆ. ಸೆಕ್ಯೂರಿಟಿಯ ಇನ್‌ರಿಲೀಸ್ ವಾರಕ್ಕಿಂತ ಹಳತಾಗಿದ್ದರೆ ಸ್ಕ್ರಿಪ್ಟು ಓಡುವುದಿಲ್ಲ, ಪೂರ್ತಿ ಅಪ್‌ಡೇಟ್ ಮಾಡು ಎನ್ನುತ್ತದೆ. ಮೂಲ ಬಿಡುಗಡೆಯ ಕಡತವನ್ನು ಇದಕ್ಕೆ ಬಳಸಬಾರದು. ಆ ಕಡತದ ಮೇಲೆ ಇರುವುದು ಸರ್ವರಿನ ತಾರೀಖು, ನಾವು ಇಳಿಸಿಕೊಂಡದ್ದಲ್ಲ; ನಿನ್ನೆ ತಂದರೂ ಅದು 2024ರ ಏಪ್ರಿಲ್ ಎಂದೇ ತೋರಿಸುತ್ತದೆ.