ನೋವಿಲ್ಲದೆ ನೀರು ಹೋದರೆ ಕಾಯಬಹುದೇ?

ಪ್ರಶ್ನೆ: ನನ್ನ ತಂಗಿಗೆ 31 ವಾರ. ನೋವಿಲ್ಲದೆ ನೀರು ಹೋಯಿತು. ಗುಬ್ಬಿಯಿಂದ ತುಮಕೂರಿಗೆ ಕಳಿಸಿದರು. ಇಲ್ಲಿ ಇಂಜೆಕ್ಷನ್ ಕೊಟ್ಟು ಮಲಗಿಸಿದ್ದಾರೆ ಅಷ್ಟೆ. ನೀರೆಲ್ಲ ಹೋದರೆ ಮಗುವಿನ ಗತಿ ಏನು? ಆಪರೇಷನ್ ಮಾಡಿಬಿಡಬಾರದೇ ಡಾಕ್ಟ್ರೇ?
– ಓದುಗರು, ಗುಬ್ಬಿ

ಉತ್ತರ: ನಿಮ್ಮ ತಂಗಿಗೆ ಈಗ ನಡೆಯುತ್ತಿರುವುದೇ ಚಿಕಿತ್ಸೆ. ಗರ್ಭಜಲದ ಬಹುಪಾಲು ಮಗುವಿನ ಮೂತ್ರವೇ. ಹಾಗಾಗಿ ಸೋರುತ್ತಿದ್ದರೂ ಅದು ಮತ್ತೆ ಉತ್ಪತ್ತಿಯಾಗುತ್ತಲೇ ಇರುತ್ತದೆ. ಎಷ್ಟು ಉಳಿದಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ನೋಡುತ್ತಾರೆ.

31 ವಾರಕ್ಕೆ ಮಗುವಿನ ಶ್ವಾಸಕೋಶ ಬಲಿತಿರುವುದಿಲ್ಲ. ಅದನ್ನು ಬಲಪಡಿಸಲು ಡೆಕ್ಸಾಮೆಥಾಸೋನ್ ಇಂಜೆಕ್ಷನ್ ಅನ್ನು 12 ಗಂಟೆಗೊಮ್ಮೆ, ಒಟ್ಟು 4 ಬಾರಿ ಕೊಡುತ್ತಾರೆ. ನಂಜು ಏರದಿರಲು ಆ್ಯಂಟಿಬಯೋಟಿಕ್ ಬೇಕು. ತಾಯಿ, ಮಗು ಚೆನ್ನಾಗಿದ್ದರೆ ಕನಿಷ್ಠ 34 ವಾರದವರೆಗೆ ಕಾಯುವ ಪ್ರಯತ್ನ ಮಾಡುತ್ತೇವೆ. ಗರ್ಭದಲ್ಲಿ ಕಳೆಯುವ ಒಂದೊಂದು ದಿನವೂ ಮಗುವಿಗೆ ಲಾಭ.

ಆದರೆ ಜ್ವರ, ಹೊಟ್ಟೆನೋವು, ದುರ್ವಾಸನೆಯ ಸ್ರಾವ, ರಕ್ತಸ್ರಾವ ಕಂಡರೆ ಅಥವಾ ಮಗುವಿನ ಹೃದಯಬಡಿತ ಏರುಪೇರಾದರೆ ಕಾಯುವಂತಿಲ್ಲ, ತಕ್ಷಣ ಹೆರಿಗೆ ಮಾಡಿಸಬೇಕು. ಮಗುವಿನ ಮಿಸುಕಾಟ ಕಡಿಮೆಯಾದರೂ ನರ್ಸ್‌ಗೆ ಕೂಡಲೇ ಹೇಳಲಿ. ನೀರು ಹೋಗಿದೆ ಎಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ. ಮುಂದಿನ ಬಸಿರಿನಲ್ಲಿ ಮೊದಲ ತಪಾಸಣೆಗೇ, ಈ ಸಲ ಬೇಗ ನೀರು ಹೋದದ್ದನ್ನು ತಿಳಿಸಿ.

ಪ್ರಶ್ನೆ: ನನಗೆ 38 ವಾರ. ಒದ್ದೆಯಾದರೆ ಅದು ಮೂತ್ರವೋ ನೀರೋ ತಿಳಿಯುವುದು ಹೇಗೆ? ನೋವು ಬರುವ ತನಕ ಮನೆಯಲ್ಲೇ ಇರು ಅಂತಾರೆ ಅತ್ತೆ.
– ಗರ್ಭಿಣಿ, ಕುಣಿಗಲ್

ಉತ್ತರ: ಮೂತ್ರಕ್ಕೆ ಅದರದ್ದೇ ವಾಸನೆ ಇರುತ್ತದೆ. ಗರ್ಭಜಲ ತಡೆಯಲು ಆಗದಂತೆ ಜಿನುಗುತ್ತಲೇ ಇರುತ್ತದೆ. ಅನುಮಾನ ಬಂದರೆ ಶುಭ್ರವಾದ ಪ್ಯಾಡ್ ಇಟ್ಟುಕೊಂಡು, ಸಮಯ ಮತ್ತು ಬಣ್ಣ ಗುರುತಿಟ್ಟುಕೊಂಡು, ತಾಯಿ ಕಾರ್ಡ್ ಸಮೇತ ಆಸ್ಪತ್ರೆಗೆ ಹೊರಡಿ. ನೀರು ಹೋದ ಮೇಲೆ ಸಂಭೋಗ ಬೇಡ, ಮನೆಯಲ್ಲಿ ಯಾರೂ ಒಳಗೆ ಕೈ ಹಾಕಿ ನೋಡುವುದು ಬೇಡ. ನಂಜು ಏರುವುದು ಹೀಗೆಯೇ.

ತಿಂಗಳು ತುಂಬಿದವರಲ್ಲಿ ಹೆಚ್ಚಿನವರಿಗೆ 24 ಗಂಟೆಯೊಳಗೆ ನೋವು ಬರುತ್ತದೆ. ಬಾರದಿದ್ದರೆ ಔಷಧಿ ಕೊಟ್ಟು ಬರಿಸುತ್ತೇವೆ. ಅತ್ತೆಯವರಿಗೆ ಹೇಳಿ: ಕಾಯೋಣ, ಆದರೆ ಆಸ್ಪತ್ರೆಯಲ್ಲಿ. ನೀರು ಹಸಿರಾಗಿದ್ದರೆ, ರಕ್ತ ಹೋದರೆ, ಹೊಕ್ಕುಳಬಳ್ಳಿ ಕಂಡರೆ ಒಂದು ನಿಮಿಷವೂ ತಡ ಸಲ್ಲದು. 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಉಚಿತ. ಬಳ್ಳಿ ಕಂಡರೆ ಅದನ್ನು ಮುಟ್ಟಬೇಡಿ. ಆಂಬುಲೆನ್ಸ್ ಬರುವವರೆಗೆ ಮೊಣಕಾಲೂರಿ, ಸೊಂಟ ಮೇಲೆತ್ತಿ, ತಲೆ ತಗ್ಗಿಸಿ ಇರಿ.

ಸೋಂಕಿನಿಂದಲೂ ನೀರು ಬೇಗ ಹೋಗಬಹುದು. ಹಾಗಾಗಿ ಉರಿಮೂತ್ರ, ಬಿಳಿಸೆರಗು ಇದ್ದರೆ ಈಗಲೇ ಚಿಕಿತ್ಸೆ ಪಡೆಯಿರಿ. ಎಲೆ-ಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸವಿದ್ದರೆ ಇಂದೇ ಬಿಡಿ.