ಜಿಗಿ ಹುಳ ಕಡಲು ದಾಟೀತೇ?

ಪ್ರಶ್ನೆ: ಸುತ್ತ ಸಮುದ್ರವಿರುವ ದ್ವೀಪಗಳಿಗೆ ಹುಳಹುಪ್ಪಟೆ ಹೋಗಿ ಸೇರುವುದು ಹೇಗೆ? ಇಷ್ಟು ಚಿಕ್ಕ ಜೀವಕ್ಕೆ ಅಷ್ಟು ಕಸುವು ಎಲ್ಲಿಂದ?
— ಓದುಗರೊಬ್ಬರು, ದಢೇಸುಗೂರು

ಉತ್ತರ: ಸಾಕ್ಷಿ ನಿಮ್ಮೂರ ಗದ್ದೆಯಲ್ಲೇ ಇದೆ. ಎಡದಂಡೆ ನಾಲೆಯ ನೀರು ನಿಂತ ಮಡಿಗಿಳಿದು ಭತ್ತದ ಬುಡ ಬಗ್ಗಿಸಿ ನೋಡಿ. ನೀರಿಗೆ ನಾಲ್ಕು ಬೆರಳು ಮೇಲೆ ಕಂದು ಜಿಗಿ ಹುಳಗಳು ಗುಂಪಾಗಿ ಕೂತಿರುತ್ತವೆ. ಕ್ಯಾಂಪಿನ ತೆಲುಗು ಮಂದಿ ‘ದೋಮ’ ಎನ್ನುವುದು ಇದನ್ನೇ. ಗಾತ್ರ ಭತ್ತದ ಕಾಳಿಗಿಂತ ಚಿಕ್ಕದು. ತಟ್ಟಿದರೆ ಪಕ್ಕದ ಬುಡಕ್ಕೆ ಜಿಗಿದಾವು, ಅಷ್ಟೇ.

ಜಪಾನಿನಲ್ಲಿ ಚಳಿಗೆ ಸತ್ತುಹೋಗುವ ಈ ಹುಳ ಪ್ರತಿ ಮಳೆಗಾಲ ಮತ್ತೆ ಎಲ್ಲಿಂದ ಬರುತ್ತದೆಂದು ಅಲ್ಲಿನವರು ಬಹುಕಾಲ ತಲೆ ಕೆಡಿಸಿಕೊಂಡಿದ್ದರು. 1967ರ ಜುಲೈನಲ್ಲಿ, ದಡದಿಂದ ಸುಮಾರು 500 ಕಿ.ಮೀ. ದಕ್ಷಿಣಕ್ಕೆ ನಡುಗಡಲಲ್ಲಿದ್ದ ಹವಾಮಾನ ಹಡಗೊಂದನ್ನು ಜಿಗಿ ಹುಳದ ಹಿಂಡೇ ಮುತ್ತಿತು. ಗುಟ್ಟು ರಟ್ಟಾಯಿತು: ಅವು ದಕ್ಷಿಣ ಚೀನಾ ಕಡೆಯಿಂದ ಬರುತ್ತಿದ್ದವು.

ಕಸುವಿನ ಮಾತು ಕೇಳಿದಿರಲ್ಲ, ಅದು ಹುಳದ್ದಲ್ಲ, ಗಾಳಿಯದು. ಹುಳದ ಸ್ವಂತ ವೇಗ ನಮ್ಮ ನಡಿಗೆಯಷ್ಟೂ ಇಲ್ಲ. ಮುಸ್ಸಂಜೆಗೆ ಮೇಲೇರಿ ಮುಂಗಾರಿನ ಗಾಳಿಗೆ ಸಿಕ್ಕರೆ, ಕೆಳಗೆ ಬೀಳದಂತೆ ರೆಕ್ಕೆ ಬಡಿಯುತ್ತಿರುವುದಷ್ಟೇ ಅದರ ಪಾಲಿನ ಕೆಲಸ. ದಿನವೊಪ್ಪತ್ತಿನಲ್ಲಿ ಗಾಳಿಯೇ ದಾಟಿಸುತ್ತದೆ. ದಾರಿಯಲ್ಲಿ ಎಷ್ಟೋ ಸಮುದ್ರದ ಪಾಲು. ಆದರೆ ಹೊರಟದ್ದು ಅಸಂಖ್ಯ; ಕೆಲವು ಜೋಡಿ ಉಳಿದರೂ ಸಂಸಾರ ಶುರು.

ನನಗೆ ಸೋಜಿಗವೆನಿಸುವುದು ಇದರ ಮುಂದಿನ ಸಂಗತಿ. ಪೈರು ಒಣಗಿ ಹುಳ ಕಿಕ್ಕಿರಿದಾಗ ಉದ್ದ ರೆಕ್ಕೆಯವು ಹೆಚ್ಚುತ್ತವೆ. ಅವು ಹೊಸ ಹಸಿರಿಗೆ ಇಳಿದ ಮೇಲೆ ಹುಟ್ಟುವ ಹೆಣ್ಣುಗಳಲ್ಲಿ ಬಹಳಷ್ಟಕ್ಕೆ ಮೋಟು ರೆಕ್ಕೆ. ಹಾರಲಾರವು, ಆದರೆ ಮೊಟ್ಟೆ ಹೆಚ್ಚು. ಜಿಗಿ ಹುಳಕ್ಕೆ ಇದು ತಲೆಮಾರಿನ ಆಟ. ದ್ವೀಪದಲ್ಲೇ ನೆಲೆಸಿಬಿಟ್ಟ ಕೀಟಗಳಲ್ಲಿ ಎಷ್ಟೋ ಜಾತಿಗಳು ರೆಕ್ಕೆಯನ್ನು ಕಾಯಂ ಕಳೆದುಕೊಂಡಿವೆ. ಮದೀರಾ ದ್ವೀಪದ 550 ಜಾತಿ ಜೀರುಂಡೆಗಳಲ್ಲಿ ಸುಮಾರು 200 ಹಾರಲಾರವು ಎಂದು ಡಾರ್ವಿನ್ 1859ರಲ್ಲೇ ಬರೆದ. ಹಾರಿದವನ್ನು ಗಾಳಿ ಕಡಲಿಗೆ ಎಸೆದಿರಬೇಕು ಎಂಬುದು ಅವನ ಊಹೆ. ತಂದ ಗಾಳಿಯೇ ಒಯ್ಯುವುದೂ ಹೌದಲ್ಲ! ಇನ್ನು ರೆಕ್ಕೆಯೇ ಇಲ್ಲದ ಕೀಟಗಳು ಹೊಳೆಯಲ್ಲಿ ಕೊಚ್ಚಿಬಂದ ಮರದ ದಿಮ್ಮಿಯೇರಿ ದಡ ಸೇರುವುದುಂಟು.

ಪೈರು ಹಣ್ಣಾಗುವ ಹೊತ್ತಿಗೆ ಮತ್ತೊಮ್ಮೆ ಬುಡ ಬಗ್ಗಿಸಿ ನೋಡಿ. ರೆಕ್ಕೆ ಹೊಟ್ಟೆಯ ತುದಿ ದಾಟಿ ಚಾಚಿದ್ದರೆ, ಅದು ಹೊರಟು ನಿಂತ ಹುಳ.