ಲಿನಕ್ಸ್ ಅಳವಡಿಸಿದ ಬಳಿಕ ಕಪ್ಪಾದ ಪರದೆ: ಒಂದು ಪಾಠ



ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಹಳೆಯ ನೆನಪುಗಳನ್ನು ಬರೆಯಬೇಕೆಂದು ಸಂಪಾದಕರು ಕೇಳಿದ್ದರು. ಅದಕ್ಕೆ ಬೇರೆ ಅನೇಕರಿದ್ದಾರೆ. ನಿವೃತ್ತಿಯ ಅನಂತರ ನಾನೇ ವಿದ್ಯಾರ್ಥಿಯಾಗಿ ಕಲಿತ ಪಾಠವೊಂದನ್ನು ಬರೆಯುತ್ತೇನೆ.

ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆಯು 2017ರಲ್ಲಿ ‘ಕೈಟ್’ ಸಂಸ್ಥೆಯಾಯಿತಷ್ಟೆ. ಉಬುಂಟುವನ್ನು ಆಧರಿಸಿದ ಅದರ ಲಿನಕ್ಸ್ ತಂತ್ರಾಂಶವೇ ಕಾಸರಗೋಡಿನ ನಮ್ಮ ಕನ್ನಡ ಶಾಲೆಗಳಲ್ಲಿಯೂ ಬಳಕೆಯಲ್ಲಿದೆ. ಕೆಲವು ವರ್ಷಗಳ ಹಿಂದೆ ಶಾಲೆಯ ಗಣಕಯಂತ್ರಗಳಿಗೆ ಅದರ ಹೊಸ ಆವೃತ್ತಿಯನ್ನು ಅಳವಡಿಸಿದಾಗ ಎರಡು ಪರದೆಗಳು ಕಪ್ಪಾದವು. ಮೂರನೆಯದರಲ್ಲಿ ಅಕ್ಷರಗಳು ಊದಿಕೊಂಡು ಕಂಡವು. ಪೇಟೆಯಿಂದ ಬಂದ ದುರಸ್ತಿಗಾರರು, “ಮೂರೂ ಮಾನಿಟರ್ ಹೋಗಿವೆ ಮಾಸ್ಟ್ರೇ, ಹೊಸತು ತರಿಸಿ” ಎಂದರು. ಹತ್ತನೆಯ ತರಗತಿಯ ಐಟಿ ಪ್ರಾಯೋಗಿಕ ಪರೀಕ್ಷೆ ಹತ್ತಿರವಾಗಿತ್ತು. ರಕ್ಷಕ ಶಿಕ್ಷಕ ಸಂಘದಲ್ಲಿ ಹಣವಿರಲಿಲ್ಲ. ಕ್ರಿಸ್ಮಸ್ ರಜೆಗೆ ಊರಿಗೆ ಬಂದಿದ್ದ ಹಳೆ ವಿದ್ಯಾರ್ಥಿನಿಯೊಬ್ಬಳು, “ಎಸೆಯುವ ಮೊದಲು ಒಮ್ಮೆ ನೋಡುವ ಮಾಸ್ಟ್ರೇ” ಎಂದಳು.

ಅವಳು ಮೊದಲು ನೋಡಿದ್ದು ಇಷ್ಟೇ: ಗುಂಡಿ ಒತ್ತಿದೊಡನೆ ಯಂತ್ರ ತಯಾರಕರ ಹೆಸರು ಪರದೆಯಲ್ಲಿ ಮೂಡುತ್ತದೆಯೇ? ಮೂಡಿದರೆ ಪರದೆಯೂ ತಂತಿಯೂ ಜೀವಂತವೆಂದು ತಿಳಿಯಬೇಕು. ಲಿನಕ್ಸ್ ಅಧಿಕಾರ ವಹಿಸಿಕೊಂಡ ಬಳಿಕವೇ ಕತ್ತಲಾಗುತ್ತದೆಂದರೆ ದೋಷ ಬೇರೆಡೆಯದು.

ಮೊದಲನೆಯ ಯಂತ್ರದ ದೋಷ ಅದೇ ಆಗಿತ್ತು. 2009ರಿಂದ ಈಚೆಗೆ ಪರದೆಯ ಅಳತೆಯನ್ನು ನಿಶ್ಚಯಿಸುವ ಹೊಣೆಯನ್ನು ಲಿನಕ್ಸ್‌ನ ತಿರುಳಾದ ಕರ್ನೆಲ್ ಬಹುಮಟ್ಟಿಗೆ ತಾನೇ ವಹಿಸಿಕೊಂಡಿದೆ. ಚಿತ್ರವನ್ನು ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೆ ತಕ್ಕ ಡ್ರೈವರ್ ದೊರೆಯದಿದ್ದರೆ ಪರದೆ ಕಪ್ಪಾಗಬಹುದು. ಯಂತ್ರ ಏಳುವಾಗ ಶಿಫ್ಟ್ ಕೀಲಿಯನ್ನು, ಹೊಸ ಯಂತ್ರಗಳಲ್ಲಿ ಎಸ್ಕೇಪ್ ಕೀಲಿಯನ್ನು ಒತ್ತಿದರೆ ‘ಗ್ರಬ್’ ಎಂಬ ಪಟ್ಟಿ ಬರುತ್ತದೆ. ಅಲ್ಲಿ ‘ಇ’ ಒತ್ತಿ, ‘ಲಿನಕ್ಸ್’ ಎಂದು ಆರಂಭವಾಗುವ ಸಾಲಿನ ಕೊನೆಗೆ ಒಂದು ಎಡೆ ಬಿಟ್ಟು, ಎನ್, ಓ, ಎಂ, ಓ, ಡಿ, ಇ, ಎಸ್, ಇ, ಟಿ ಎಂಬ 9 ಅಕ್ಷರಗಳನ್ನು ಕೂಡಿಸಿ ಬರೆದು ಎಫ್ 10 ಒತ್ತಬೇಕು. ‘ಅಳತೆಯನ್ನು ನೀನು ನಿಶ್ಚಯಿಸಬೇಡ’ ಎಂದು ಕರ್ನೆಲ್‌ಗೆ ಕೊಟ್ಟ ಅಪ್ಪಣೆಯದು. ಒರಟಾಗಿಯಾದರೂ ಚಿತ್ರ ಬಂತು. ಈ ಅಪ್ಪಣೆ ಆ ಒಂದು ಸಲಕ್ಕೆ ಮಾತ್ರ. ನಮ್ಮದು ಎನ್‌ವಿಡಿಯ ಕಾರ್ಡು. ‘ಹೆಚ್ಚುವರಿ ಡ್ರೈವರ್‌ಗಳು’ ಎಂಬ ಸ್ಥಳದಿಂದ ಅದರ ಡ್ರೈವರ್ ಹಾಕಿದ ಮೇಲೆ ಅಪ್ಪಣೆಯ ಅಗತ್ಯವೇ ಉಳಿಯಲಿಲ್ಲ.

ಅಕ್ಷರ ಊದಿಕೊಂಡ ಯಂತ್ರದ ಸಂಗತಿ ನನಗೆ ಇನ್ನೂ ಸ್ವಾರಸ್ಯವೆನಿಸಿತು. ಪ್ರತಿ ಮಾನಿಟರಿನೊಳಗೂ ‘ಇಡಿಐಡಿ’ ಎಂಬ ಪರಿಚಯಪತ್ರವಿದೆ. ಮೂಲತಃ ಕೇವಲ 128 ಬೈಟ್‌ಗಳ ಈ ಪತ್ರದಲ್ಲಿ ತಯಾರಕರ ಗುರುತು, ಪರದೆ ತಾಳಬಲ್ಲ ಅಳತೆ, ಆವರ್ತನ ಮುಂತಾದವು ಇರುತ್ತವೆ. ವಿಜಿಎ ತಂತಿಯ 15 ಸೂಜಿಗಳಲ್ಲಿ 12ನೆಯದು ಮತ್ತು 15ನೆಯದು ಈ ಪತ್ರವನ್ನು ಒಯ್ಯುವ ಅಂಚೆಯವರು. ನಮ್ಮ ತಂತಿಯಲ್ಲಿ 12ನೆಯ ಸೂಜಿ ಮಡಚಿಹೋಗಿತ್ತು. ಪತ್ರ ತಲುಪದ ಕಾರಣ ಯಂತ್ರವು ಅಪರಿಚಿತನಿಗೆ ಮಾಡುವಂತೆ 1024×768ರ ಸಾಮಾನ್ಯ ಅಳತೆಯನ್ನು ಕೊಟ್ಟು ಕುಳಿತಿತ್ತು. ಬೇರೆ ತಂತಿ ಜೋಡಿಸಿದೊಡನೆ ಪರದೆಯ ನಿಜವಾದ 1366×768 ಬಂತು. (9ನೆಯ ಸೂಜಿ ಇಲ್ಲದಿದ್ದರೆ ಗಾಬರಿಯಾಗಬೇಡಿ; ಎಷ್ಟೋ ತಂತಿಗಳಲ್ಲಿ ಅದನ್ನು ಇಡುವುದೇ ಇಲ್ಲ.) ‘ಔಟ್ ಆಫ್ ರೇಂಜ್’ ಎಂಬ ಬರಹ ಕಂಡರೆ, ಪರದೆ ತಾಳಲಾರದ ಅಳತೆ ಅಥವಾ ಆವರ್ತನ ಹೋಗುತ್ತಿದೆ ಎಂದರ್ಥ, ಸಾಧಾರಣ ಎಲ್‌ಸಿಡಿಗೆ 60 ಹರ್ಟ್ಸ್ ಸಾಕು.

ಮೂರನೆಯದರಲ್ಲಿ ತಯಾರಕರ ಹೆಸರೂ ಮೂಡಲಿಲ್ಲ. ಹುಡುಗಿ ಕೊಠಡಿಯ ಕಿಟಕಿ ಮುಚ್ಚಿಸಿ, ಓರೆಯಾಗಿ ಟಾರ್ಚ್ ಹಿಡಿದಳು. ಕತ್ತಲೆಯೊಳಗೆ ಅಕ್ಷರಗಳು ಮಸುಕಾಗಿ ಕಂಡವು! ಚಿತ್ರವಿದೆ, ಹಿಂಬದಿಯ ಬೆಳಕು ಮಾತ್ರ ಹೋಗಿದೆ. ಅಳವಡಿಕೆಯ ದಿನವೇ ಅದು ಕೆಟ್ಟದ್ದು ಕಾಕತಾಳೀಯ. ಈ ಒಂದರ ಮಟ್ಟಿಗೆ ದುರಸ್ತಿಗಾರರ ಮಾತು ಸರಿಯಾಗಿತ್ತೆಂದು ಒಪ್ಪಲೇಬೇಕು. ಉಳಿದೆರಡರ ಮುಂದೆ ಮರುದಿನ ಬೆಳಿಗ್ಗೆಯೇ ಮಕ್ಕಳು ಅಭ್ಯಾಸಕ್ಕೆ ಕುಳಿತರು.